ಚಳಿಜ್ವರದ ಮಾತ್ರೆ: ಹೊಲದ ಎಲೆಯೋ, ತೊಟ್ಟಿಯ ಯೀಸ್ಟೋ?

ಮಲೇರಿಯಾದಲ್ಲಿ ನಮ್ಮ ಕಡೆ ಕಾಣಿಸುವ ಮುಖ್ಯ ಬಗೆ ಎರಡು. ಒಂದು ವೈವಾಕ್ಸ್, ಇನ್ನೊಂದು ಫಾಲ್ಸಿಪಾರಮ್. ಎರಡನೆಯದು ಮೆದುಳಿಗೇರಿ ಜೀವ ತೆಗೆಯುವಂಥದ್ದು. ರಕ್ತ ಪರೀಕ್ಷೆಯಲ್ಲಿ ಅದು ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ದಿನದ ಮಾತ್ರೆ ಪಟ್ಟಿ ಕೊಡುತ್ತಾರೆ. ಮಕ್ಕಳಿಗೆ ಒಂದು ಬಣ್ಣದ ಪಟ್ಟಿ, ದೊಡ್ಡವರಿಗೆ ಇನ್ನೊಂದು. ಇದಕ್ಕೆ ಎಸಿಟಿ ಅನ್ನುತ್ತಾರೆ. ದುಡ್ಡು ಕೊಡಬೇಕಾಗಿಲ್ಲ.

ಆ ಪಟ್ಟಿಯಲ್ಲಿರುವ ಮುಖ್ಯ ಔಷಧದ ಮೂಲ ಆರ್ಟೆಮಿಸಿನಿನ್ ಎಂಬ ವಸ್ತು. ಅದು ಒಂದು ಗಿಡದ ಎಲೆಯಲ್ಲಿ ಸಿಗುತ್ತದೆ. 2000ದ ನಂತರದ ವರ್ಷಗಳಲ್ಲಿ ವಿಜ್ಞಾನಿಗಳು ಆ ಗಿಡದ ಗುಣವನ್ನು ಬ್ರೆಡ್ ಉಬ್ಬಿಸುವ ಯೀಸ್ಟಿಗೆ ತುಂಬಿದರು. ಯೀಸ್ಟ್ ಅಂದರೆ ಅಣಬೆ, ಬೂಷ್ಟುಗಳ ಬಳಗಕ್ಕೆ ಸೇರಿದ ಸಣ್ಣ ಶಿಲೀಂಧ್ರ. ಆ ಯೀಸ್ಟ್ ತೊಟ್ಟಿಯೊಳಗೆ ಕೂತು ಔಷಧದ ಕಚ್ಚಾವಸ್ತುವನ್ನು ಮಾಡಿಕೊಟ್ಟಿತು. ಇನ್ನು ಗಿಡ ಬೆಳೆಯುವ ರೈತರ ಕಥೆ ಮುಗಿಯಿತು ಎಂದು ಕೆಲವರು ಹೆದರಿದರು. ಇನ್ನು ಮಾತ್ರೆ ಅಗ್ಗವಾಗುತ್ತದೆ, ಕೊರತೆ ಇರುವುದಿಲ್ಲ ಎಂದು ಕೆಲವರು ಹಿಗ್ಗಿದರು. ಎರಡೂ ಅಂದುಕೊಂಡಂತೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದೇ ಈ ಬರಹ. ಇದು ಚೀನಾ, ಆಫ್ರಿಕಾ, ಅಮೆರಿಕ, ಇಟಲಿ ಸುತ್ತಿ ಬರುವ ಕಥೆ. ಆದರೆ ವೆನಿಲ್ಲಾ ಬೆಳೆದು ಕೈ ಸುಟ್ಟುಕೊಂಡ ಮಲೆನಾಡಿನವರಿಗೆ, ಒಪ್ಪಂದದ ಮೇಲೆ ಔಷಧಿ ಗಿಡ ಬೆಳೆಯಲು ಹೊರಟವರಿಗೆ ಇದರ ರುಚಿ ಗೊತ್ತಾಗುತ್ತದೆ.

ಯುದ್ಧದಿಂದ ಹುಟ್ಟಿದ ಹುಡುಕಾಟ

1960ರ ದಶಕ. ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಗುಂಡಿಗಿಂತ ಸೊಳ್ಳೆಯೇ ಸೈನಿಕರನ್ನು ಹೆಚ್ಚು ಕಾಡುತ್ತಿತ್ತು. ಅಲ್ಲಿಯವರೆಗೆ ಕೆಲಸ ಮಾಡುತ್ತಿದ್ದ ಕ್ಲೋರೋಕ್ವಿನ್ ಮಾತ್ರೆಗೆ ಫಾಲ್ಸಿಪಾರಮ್ ಬಗ್ಗುತ್ತಿರಲಿಲ್ಲ. ಉತ್ತರ ವಿಯೆಟ್ನಾಂ ತನ್ನ ಮಿತ್ರದೇಶ ಚೀನಾದ ನೆರವು ಕೇಳಿತು. ಚೀನಾ 1967ರ ಮೇ 23ರಂದು ಗುಟ್ಟಾಗಿ ಒಂದು ಯೋಜನೆ ಶುರುಮಾಡಿತು. ಆ ದಿನಾಂಕವೇ ಅದರ ಹೆಸರಾಯಿತು: ಪ್ರಾಜೆಕ್ಟ್ 523.

1969ರಲ್ಲಿ ಬೀಜಿಂಗ್‌ನ ಸಂಶೋಧಕಿ ತು ಯೂಯೂ ಅವರನ್ನು ಈ ಕೆಲಸಕ್ಕೆ ಹಾಕಿದರು. ಆಗ ಅವರ ವಯಸ್ಸು 38. ಡಾಕ್ಟರೇಟ್ ಇರಲಿಲ್ಲ, ವಿದೇಶದಲ್ಲಿ ಓದಿರಲಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಆ ದಿನಗಳಲ್ಲಿ ಅವರ ಗಂಡನನ್ನು ಹಳ್ಳಿಯ ಶಿಬಿರಕ್ಕೆ ಕಳಿಸಿದ್ದರು. ಪುಟ್ಟ ಮಕ್ಕಳಿಬ್ಬರಲ್ಲಿ ಒಬ್ಬಳನ್ನು ಶಿಶುಪಾಲನಾ ಕೇಂದ್ರದಲ್ಲಿ, ಇನ್ನೊಬ್ಬಳನ್ನು ತವರಿನಲ್ಲಿ ಬಿಟ್ಟು ಆಕೆ ಕೆಲಸಕ್ಕೆ ನಿಂತರು.

ತು ಯೂಯೂ ಮತ್ತು ಜೊತೆಯವರು ಹಳೆಯ ವೈದ್ಯ ಗ್ರಂಥಗಳನ್ನು ತಿರುವಿದರು, ನಾಟಿ ವೈದ್ಯರನ್ನು ಮಾತಾಡಿಸಿದರು. ಸುಮಾರು 2,000 ಔಷಧಿ ವಿಧಾನ ಕೂಡಿಹಾಕಿ, ಅದರಲ್ಲಿ 640ನ್ನು ಆರಿಸಿಕೊಂಡರು. ಚಿಂಗ್‌ಹಾವೋ ಎಂಬ ಗಿಡದ ರಸ ಇಲಿಗಳ ಮೇಲೆ ಒಮ್ಮೆ ಕೆಲಸ ಮಾಡಿತು. ಮತ್ತೆ ಮಾಡಿದಾಗ ಫಲ ಸಿಗಲಿಲ್ಲ. ಕಾರಣ ತಿಳಿಯದೆ ಆಕೆ ಮತ್ತೆ ಹಳೆಯ ಪುಸ್ತಕಗಳಿಗೆ ಮರಳಿದರು. ಕ್ರಿ.ಶ. 4ನೇ ಶತಮಾನದ ಗೇ ಹೋಂಗ್ ಎಂಬ ವೈದ್ಯ ಬರೆದಿದ್ದ ಕ್ರಮ ಕಣ್ಣಿಗೆ ಬಿತ್ತು. ಅದರಲ್ಲಿ ಕಷಾಯ ಕುದಿಸುವ ಮಾತೇ ಇರಲಿಲ್ಲ. ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಎಂದಿತ್ತು.

ಕುದಿಸಿದ್ದರಿಂದಲೇ ಔಷಧ ಕೆಡುತ್ತಿರಬೇಕು ಎಂದು ಆಕೆಗೆ ಹೊಳೆಯಿತು. ಕಡಿಮೆ ಬಿಸಿಯಲ್ಲೇ ಆವಿಯಾಗುವ ಈಥರ್ ಬಳಸಿ ಎಲೆಯ ಸಾರ ತೆಗೆದರು. ಪ್ರಯೋಗಾಲಯದಲ್ಲಿ ಸರಿಯಾದ ಪಾತ್ರೆಗಳಿಲ್ಲದೆ ಮನೆಗಳಲ್ಲಿ ನೀರು ತುಂಬಿಡುವ ದೊಡ್ಡ ಹರವಿಗಳಲ್ಲೇ ಎಲೆ ನೆನೆಹಾಕಿದರು. ಈಥರ್ ವಾಸನೆಗೆ ಕೆಲಸಗಾರರಿಗೆ ಕಾಯಿಲೆ ಬಂತು, ಆಕೆಗೂ ಬಂತು. 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಯ ಮಲೇರಿಯಾವನ್ನು ಪೂರ್ತಿ ಅಳಿಸಿತು. 1972ರಲ್ಲಿ ತು ಯೂಯೂ ಮತ್ತು ಸಹೋದ್ಯೋಗಿಗಳು ಮೊದಲು ತಾವೇ ಕುಡಿದು ನೋಡಿದರು. ಏನೂ ತೊಂದರೆಯಾಗಲಿಲ್ಲ. ಆಮೇಲೆ ಹೈನಾನ್ ದ್ವೀಪದ ರೋಗಿಗಳಿಗೆ ಕೊಟ್ಟರು. ಜ್ವರ ಇಳಿಯಿತು.

ಅದೇ ಆರ್ಟೆಮಿಸಿನಿನ್. ಈ ಕೆಲಸಕ್ಕೆ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಅಷ್ಟು ಹೊತ್ತಿಗೆ ಅವರಿಗೆ 84 ವರ್ಷ.

ಗಿಡದ ಹೆಸರು ಆರ್ಟೆಮಿಸಿಯಾ ಆನ್ಯುವಾ. ನಮ್ಮ ದವನ ಗೊತ್ತಲ್ಲ, ದೇವರಿಗೆ ಮಾಲೆ ಕಟ್ಟುವ ಘಮಘಮ ದವನ? ಅದೂ ಆರ್ಟೆಮಿಸಿಯಾ ಬಳಗದ್ದೇ. ಅಕ್ಕ-ತಂಗಿ ಗಿಡಗಳು ಎನ್ನಬಹುದು. ಹಾಗೆಂದು ಯಾರೂ ದವನ ಅರೆದು ಚಳಿಜ್ವರಕ್ಕೆ ಕುಡಿಯಬೇಡಿ. ತಂಗಿಯಲ್ಲಿರುವ ಗುಣ ಅಕ್ಕನಲ್ಲಿ ಇರಲೇಬೇಕು ಎಂದೇನಿಲ್ಲ.

ಎಲೆ ಬೆಳೆಯಾಯಿತು, ಬೆಲೆ ಉಯ್ಯಾಲೆಯಾಯಿತು

2000ದ ಸುಮಾರಿಗೆ ಜಗತ್ತಿನಲ್ಲಿ ಮಲೇರಿಯಾಕ್ಕೆ ವರ್ಷಕ್ಕೆ 8ರಿಂದ 9 ಲಕ್ಷ ಜನ ಸಾಯುತ್ತಿದ್ದರು. ಹೆಚ್ಚಿನವರು ಆಫ್ರಿಕಾದ ಐದು ವರ್ಷದೊಳಗಿನ ಮಕ್ಕಳು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರ್ಟೆಮಿಸಿನಿನ್ ಬೆರೆತ ಜೋಡಿ ಔಷಧವನ್ನೇ ಬಳಸಿ ಎಂದು ಶಿಫಾರಸು ಮಾಡಿತು. ಒಂದೇ ಔಷಧ ಕೊಟ್ಟರೆ ರೋಗಾಣು ಬೇಗ ಪಳಗಿಬಿಡುತ್ತದೆ, ಅದಕ್ಕೇ ಜೋಡಿ.

ಈಗ ಕೋಟಿಗಟ್ಟಲೆ ಜನರಿಗೆ ಮಾತ್ರೆ ಬೇಕು. ಎಲ್ಲಿಂದ ತರುವುದು? ಎಲೆ ಬೆಳೆಯಬೇಕು. ಚೀನಾ, ವಿಯೆಟ್ನಾಂ, ಆಮೇಲೆ ಕೀನ್ಯಾ, ತಾಂಜಾನಿಯಾ, ಉಗಾಂಡಾ, ಮಡಗಾಸ್ಕರ್‌ಗಳಲ್ಲಿ ಸಣ್ಣ ರೈತರು ಇದನ್ನು ಹಾಕಿದರು. ಹೆಚ್ಚಿನವರದು ಅರ್ಧ ಎಕರೆ, ಒಂದು ಎಕರೆ. ಬೀಜ ಸಾಸಿವೆಗಿಂತ ಸಣ್ಣದು. ಸಸಿ ಮಾಡಿ ನಾಟಿ ಮಾಡಬೇಕು, ಹೂ ಬಿಡುವ ಮುಂಚೆ ಕೊಯ್ಯಬೇಕು, ಒಣಗಿಸಿ ಎಲೆ ಉದುರಿಸಬೇಕು. ಬೀಜದಿಂದ ಕೊಯ್ಲಿಗೆ ಆರೆಂಟು ತಿಂಗಳು. ನೂರು ಕಿಲೋ ಒಣ ಎಲೆಯಿಂದ ಒಂದು ಕಿಲೋ ಔಷಧ ಬಂದರೆ ಅದು ಒಳ್ಳೆಯ ಫಸಲು. ಎಷ್ಟೋ ಕಡೆ ಅರ್ಧ ಕಿಲೋ ಬರುವುದೇ ಹೆಚ್ಚು.

ಇಲ್ಲಿಯೇ ತೊಡಕು. ಆಸ್ಪತ್ರೆಗೆ ಇವತ್ತು ಮಾತ್ರೆ ಬೇಕು ಎಂದರೆ ಎಲೆ ಹೋದ ವರ್ಷವೇ ಬಿತ್ತಿರಬೇಕು. 2004ರಲ್ಲಿ ದೇಶ ದೇಶಗಳು ಒಟ್ಟಿಗೇ ಎಸಿಟಿ ಕೇಳಿದವು, ಎಲೆ ಇರಲಿಲ್ಲ. 2005ರ ಹೊತ್ತಿಗೆ ಆರ್ಟೆಮಿಸಿನಿನ್ ಬೆಲೆ ಕಿಲೋಗೆ 1,000 ಡಾಲರ್ ದಾಟಿತು. ಸುದ್ದಿ ಕೇಳಿ ಎಲ್ಲರೂ ಬಿತ್ತಿದರು. 2007ಕ್ಕೆ ಬೆಲೆ 200 ಡಾಲರ್ ಆಸುಪಾಸಿಗೆ ಕುಸಿಯಿತು. ಬೇಸತ್ತ ರೈತರು ಕಿತ್ತುಹಾಕಿ ಬೇರೆ ಬೆಳೆಗೆ ಹೋದರು. ಮತ್ತೆ ಕೊರತೆ. 2011ರ ಸುಮಾರಿಗೆ ಮತ್ತೆ 900 ಡಾಲರ್ ಸಮೀಪಕ್ಕೆ ಏರಿತು.

ಟೊಮೆಟೊ, ಈರುಳ್ಳಿ ಬೆಳೆಯುವವರಿಗೆ ಈ ಉಯ್ಯಾಲೆ ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಒಂದೇ. ಈರುಳ್ಳಿ ಇಲ್ಲದಿದ್ದರೆ ಸಾರು ಸಪ್ಪೆಯಾಗುತ್ತದೆ. ಇದು ಇಲ್ಲದಿದ್ದರೆ ಮಗು ಉಳಿಯುವುದಿಲ್ಲ.

ಶಿಲೀಂಧ್ರಕ್ಕೆ ಔಷಧದ ಕೆಲಸ ಹೊಸದಲ್ಲ

ಎಲೆ ನಂಬಿ ಕೂರಲಾಗದು, ಬೇರೆ ದಾರಿ ಬೇಕು ಎಂದು ವಿಜ್ಞಾನಿಗಳು ಹೊರಟಾಗ ಅವರ ಕಣ್ಣು ಯೀಸ್ಟಿನ ಮೇಲೆ ಬಿತ್ತು. ಶಿಲೀಂಧ್ರವನ್ನು ಮಾರ್ಪಡಿಸಿ ಔಷಧ ತೆಗೆಯುವುದಕ್ಕೆ ಅದಾಗಲೇ ಅರವತ್ತು ವರ್ಷದ ಇತಿಹಾಸ ಇತ್ತು.

ಪೆನಿಸಿಲಿನ್ ಎಲ್ಲರಿಗೂ ಗೊತ್ತು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಬೂಷ್ಟಿನಿಂದ ಬಂದದ್ದು. ಆದರೆ ಆ ಮೂಲ ಬೂಷ್ಟು ಕೊಡುತ್ತಿದ್ದ ಔಷಧ ತೀರಾ ಕಡಿಮೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಪಿಯೋರಿಯಾ ಊರಿನ ಸರ್ಕಾರಿ ಪ್ರಯೋಗಾಲಯಕ್ಕೆ ಬಂದ ಒಂದು ಕರಬೂಜದ ಹಣ್ಣಿನ ಮೇಲೆ ಇನ್ನೂ ಚೆನ್ನಾಗಿ ಕೆಲಸ ಮಾಡುವ ಬೂಷ್ಟು ಸಿಕ್ಕಿತು. ಅದಕ್ಕೆ ಎಕ್ಸ್-ರೇ ಹಾಯಿಸಿದರು, ಆಮೇಲೆ ನೇರಳಾತೀತ ಬೆಳಕು ಹಾಯಿಸಿದರು. ಅದರಿಂದ ಬೂಷ್ಟಿನ ಜೀನ್‌ಗಳು, ಅಂದರೆ ವಂಶವಾಹಿಗಳು, ಅಡ್ಡಾದಿಡ್ಡಿ ಬದಲಾದವು. ಬದಲಾದವುಗಳಲ್ಲಿ ಹೆಚ್ಚು ಔಷಧ ಕೊಡುವುದನ್ನು ಆರಿಸಿ ಉಳಿಸಿಕೊಂಡರು. ಹಸುವಿನಲ್ಲಿ ಹೆಚ್ಚು ಹಾಲು ಕೊಡುವ ತಳಿ ಆರಿಸುವಂತೆಯೇ. ಇವತ್ತಿನ ಪೆನಿಸಿಲಿನ್ ಕಾರ್ಖಾನೆಗಳ ಬೂಷ್ಟು ಬಹುಮಟ್ಟಿಗೆ ಆ ಕರಬೂಜದ ವಂಶದ್ದು.

ಆಮೇಲೆ ಕುರುಡಾಗಿ ಬದಲಿಸುವ ಬದಲು ಬೇಕಾದ ಜೀನನ್ನೇ ಎತ್ತಿ ತಂದು ಸೇರಿಸುವ ವಿದ್ಯೆ ಬಂತು. 1986ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್-ಬಿ ಲಸಿಕೆಯನ್ನು ಯೀಸ್ಟಿನಲ್ಲಿ ತಯಾರಿಸಿದರು. ಅದಕ್ಕೂ ಮೊದಲು ಆ ಲಸಿಕೆಯನ್ನು ಕಾಮಾಲೆ ರೋಗಿಗಳ ರಕ್ತದಿಂದ ತೆಗೆಯುತ್ತಿದ್ದರು. ಭಾರತದಲ್ಲಿ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಯೀಸ್ಟಿನಿಂದಲೇ ಈ ಲಸಿಕೆ ಮಾಡಿ ಅಗ್ಗದ ಬೆಲೆಗೆ ತಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಪಿಕಿಯಾ ಎಂಬ ಯೀಸ್ಟಿನಿಂದ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು. ನಿಮ್ಮ ಊರಿನ ಅಂಗನವಾಡಿಯಲ್ಲಿ ಮಗುವಿಗೆ ಹಾಕಿಸಿದ ಹೆಪಟೈಟಿಸ್-ಬಿ ಲಸಿಕೆ, ಸಕ್ಕರೆ ಕಾಯಿಲೆಯ ಅಜ್ಜ ಚುಚ್ಚಿಕೊಳ್ಳುವ ಇನ್ಸುಲಿನ್, ಎರಡರ ಹಿಂದೆಯೂ ಹೀಗೆ ಕುಲಾಂತರಿ ಮಾಡಿದ ಸೂಕ್ಷ್ಮಜೀವಿಯ ದುಡಿಮೆ ಇದೆ.

ಆದರೆ ಲಸಿಕೆಗೂ ಇನ್ಸುಲಿನ್‌ಗೂ ಒಂದೊಂದು ಜೀನ್ ಸೇರಿಸಿದರೆ ಸಾಕಿತ್ತು. ಗಿಡದ ಔಷಧ ಹಾಗಲ್ಲ. ಗಿಡ ಒಂದರಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಹಂತ ಹಂತವಾಗಿ ಅದನ್ನು ಕಟ್ಟುತ್ತದೆ. ಒಬ್ಬ ಕೆಲಸಗಾರನನ್ನು ಕರೆತಂದರೆ ಆಗುವುದಿಲ್ಲ, ಇಡೀ ಸಾಲನ್ನೇ ಕರೆತರಬೇಕು.

ಜೋಳದ ಹೊಲದ ಹುಡುಗ

ಆ ಸಾಲನ್ನು ಕರೆತಂದವರು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೇ ಕೀಸ್ಲಿಂಗ್ ಮತ್ತು ಅವರ ಬರ್ಕ್ಲಿ ತಂಡ. ಕೀಸ್ಲಿಂಗ್ ಬೆಳೆದದ್ದು ನೆಬ್ರಾಸ್ಕಾ ರಾಜ್ಯದ ಹಾರ್ವರ್ಡ್ ಎಂಬ ಸಣ್ಣ ಊರಿನ ಹತ್ತಿರ, ಮೆಕ್ಕೆಜೋಳ, ಸೋಯಾ ಬೆಳೆಯುವ ರೈತರ ಮನೆಯಲ್ಲಿ. ಹೊಲದ ಬೆಳೆಯೊಂದಕ್ಕೆ ಪೈಪೋಟಿ ತಂದವರು ರೈತರ ಮಗನೇ ಎಂಬುದು ಈ ಕಥೆಯ ಒಂದು ಸೋಜಿಗ.

ಅವರು ಮಾಡಿದ್ದೇನು? ಸರಳವಾಗಿ ಹೇಳುತ್ತೇವೆ.

ಯೀಸ್ಟ್ ಸಕ್ಕರೆ ತಿಂದು ಬದುಕುತ್ತದೆ. ಈಚಲ ಮರದಿಂದ ಇಳಿಸಿದ ಹೆಂಡ ಗಡಿಗೆಯಲ್ಲಿ ನೊರೆ ಏಳುತ್ತದಲ್ಲ, ಅದು ಯೀಸ್ಟ್ ಸಕ್ಕರೆ ತಿಂದು ಗಾಳಿ ಬಿಡುವುದರಿಂದ. ಆ ಸಕ್ಕರೆಯ ಒಂದು ಪಾಲಿನಿಂದ ಯೀಸ್ಟ್ ತನ್ನ ಮೈಯ ಪೊರೆಗೆ ಬೇಕಾದ ಕೊಬ್ಬಿನಂಥ ವಸ್ತು ಮಾಡಿಕೊಳ್ಳುತ್ತದೆ. ಅದನ್ನು ಮಾಡುವ ದಾರಿಯ ನಡುವೆ ಒಂದು ಮಧ್ಯದ ವಸ್ತು ಬರುತ್ತದೆ. ಆರ್ಟೆಮಿಸಿಯಾ ಗಿಡವೂ ತನ್ನ ಔಷಧವನ್ನು ಅದೇ ಮಧ್ಯದ ವಸ್ತುವಿನಿಂದ ಶುರುಮಾಡುತ್ತದೆ. ಅಂದರೆ ಅರ್ಧ ದಾರಿಯವರೆಗೆ ಯೀಸ್ಟೂ ಗಿಡವೂ ಒಂದೇ ರಸ್ತೆಯಲ್ಲಿ ಬರುತ್ತವೆ. ಅಲ್ಲಿಂದ ಯೀಸ್ಟ್ ಎಡಕ್ಕೆ ಹೋದರೆ ಗಿಡ ಬಲಕ್ಕೆ ಹೋಗುತ್ತದೆ.

ವಿಜ್ಞಾನಿಗಳು ಮೂರು ಕೆಲಸ ಮಾಡಿದರು. ಒಂದು, ಆ ಕೂಡುರಸ್ತೆಯವರೆಗೆ ಹೆಚ್ಚು ಸರಕು ಬರುವಂತೆ ಯೀಸ್ಟಿನ ಸ್ವಂತ ಜೀನ್‌ಗಳನ್ನು ಚುರುಕುಗೊಳಿಸಿದರು. ಎರಡು, ಎಡಕ್ಕೆ ಹೋಗುವ ತೂಬನ್ನು ಅರ್ಧ ಮುಚ್ಚಿದರು. ಪೂರ್ತಿ ಮುಚ್ಚಿದರೆ ಯೀಸ್ಟ್ ಸಾಯುತ್ತದೆ. ಮೂರು, ಆರ್ಟೆಮಿಸಿಯಾ ಎಲೆಯ ಮೇಲಿನ ಸಣ್ಣ ರೋಮಗಳಲ್ಲಿ ಕೆಲಸ ಮಾಡುವ ಜೀನ್‌ಗಳನ್ನು ಹುಡುಕಿ ತಂದು ಯೀಸ್ಟಿಗೆ ಸೇರಿಸಿದರು. ಕಾಲುವೆ ನೀರನ್ನು ಒಂದು ಗದ್ದೆಯಿಂದ ಇನ್ನೊಂದಕ್ಕೆ ತಿರುಗಿಸುವ ಕೆಲಸವೇ ಇದು, ಗದ್ದೆ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣದು.

2003ರಲ್ಲಿ ಬ್ಯಾಕ್ಟೀರಿಯಾದಲ್ಲಿ ಮೊದಲ ಹಂತ ಸಾಧಿಸಿದರು. 2004ರಲ್ಲಿ ಗೇಟ್ಸ್ ಪ್ರತಿಷ್ಠಾನ 4.26 ಕೋಟಿ ಡಾಲರ್ ಕೊಟ್ಟಿತು. ವಿಶ್ವವಿದ್ಯಾಲಯ, ಅಮೈರಿಸ್ ಎಂಬ ಕಂಪನಿ ಮತ್ತು ಲಾಭವಿಲ್ಲದೆ ಔಷಧ ಮಾಡುವ ಒಂದು ಸಂಸ್ಥೆ ಸೇರಿ ಕೆಲಸ ಮಾಡಿದವು. 2006ರಲ್ಲಿ ಯೀಸ್ಟ್ ಆರ್ಟೆಮಿಸಿನಿಕ್ ಆಮ್ಲ ಎಂಬ ವಸ್ತುವನ್ನು ಲೀಟರಿಗೆ 100 ಮಿಲಿಗ್ರಾಂ ಕೊಟ್ಟಿತು. ಅದು ಔಷಧಕ್ಕೆ ಒಂದೆರಡು ಹೆಜ್ಜೆ ಹಿಂದಿನ ಕಚ್ಚಾವಸ್ತು. ಆದರೆ ಅಷ್ಟು ಸಾಲದು, ಕಾರ್ಖಾನೆಗೆ ಹೊಂದುವುದಿಲ್ಲ. ಇನ್ನೂ ಏಳು ವರ್ಷ ದುಡಿದು 2013ರಲ್ಲಿ ಲೀಟರಿಗೆ 25 ಗ್ರಾಂ ಮುಟ್ಟಿಸಿದರು. 250 ಪಟ್ಟು! ಇಡೀ ಕೆಲಸಕ್ಕೆ ತಗುಲಿದ ದುಡಿಮೆಯನ್ನು ಒಬ್ಬನೇ ಮಾಡಿದ್ದರೆ 150 ವರ್ಷ ಹಿಡಿಯುತ್ತಿತ್ತು ಎಂದು ಲೆಕ್ಕ ಹೇಳುತ್ತಾರೆ.

ಇಟಲಿಯ ಕಾರ್ಖಾನೆ

ಈ ಯೀಸ್ಟನ್ನು ದೊಡ್ಡ ಪ್ರಮಾಣದಲ್ಲಿ ದುಡಿಸುವ ಹೊಣೆ ಹೊತ್ತದ್ದು ಫ್ರಾನ್ಸಿನ ಸನೋಫಿ ಕಂಪನಿ. ಇಟಲಿಯ ಗಾರೆಸ್ಸಿಯೋ ಊರಿನಲ್ಲಿ ಅದರ ಕಾರ್ಖಾನೆ. ಯೀಸ್ಟ್ ಕೊಟ್ಟ ಆಮ್ಲವನ್ನು ಅಲ್ಲಿ ದೊಡ್ಡ ದೀಪಗಳ ಬೆಳಕಿನಲ್ಲಿ ಆಮ್ಲಜನಕ ಹಾಯಿಸಿ ಆರ್ಟೆಮಿಸಿನಿನ್ ಮಾಡುತ್ತಿದ್ದರು. 2013ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದು ಎಲೆಯಿಂದ ಬಂದದ್ದಕ್ಕೆ ಸಮ ಎಂದು ಒಪ್ಪಿತು. ವರ್ಷಕ್ಕೆ 50ರಿಂದ 60 ಟನ್ ಮಾಡುವ ಯೋಜನೆ ಹಾಕಿಕೊಂಡರು. ಅದು ಜಗತ್ತಿನ ಅಗತ್ಯದ ಸುಮಾರು ಮೂರನೇ ಒಂದು ಪಾಲು. 2014ರಲ್ಲಿ ಯೀಸ್ಟ್ ಮೂಲದ ಮಾತ್ರೆಗಳು ಆಫ್ರಿಕಾಕ್ಕೆ ಹೋದವು, ಸುಮಾರು 17 ಲಕ್ಷ ಜನರ ಚಿಕಿತ್ಸೆಗೆ ಆಗುವಷ್ಟು.

ಸನೋಫಿ ಲಾಭವೂ ಬೇಡ ನಷ್ಟವೂ ಬೇಡ ಎಂಬ ಲೆಕ್ಕದಲ್ಲಿ ಕಿಲೋಗೆ 350ರಿಂದ 400 ಡಾಲರ್ ಬೆಲೆ ಇಟ್ಟಿತು. ಬೆಲೆ 900 ಇದ್ದಾಗ ಇದು ಅಗ್ಗ. ಆದರೆ ಅಷ್ಟರಲ್ಲಿ ಹೊಲದವರು ಸುಮ್ಮನಿರಲಿಲ್ಲ. ಏರಿದ ಬೆಲೆ ನೋಡಿ ಮತ್ತೆ ಬಿತ್ತಿದ್ದರು, ಒಳ್ಳೆಯ ತಳಿಗಳೂ ಬಂದಿದ್ದವು. ಎಲೆಯ ಆರ್ಟೆಮಿಸಿನಿನ್ ಬೆಲೆ ಕಿಲೋಗೆ 250 ಡಾಲರಿಗಿಂತ ಕೆಳಗೆ ಬಂತು. ಮಾತ್ರೆ ಮಾಡುವ ಕಂಪನಿಗಳಿಗೆ ಎಲೆಯದ್ದಾದರೇನು, ಯೀಸ್ಟಿನದ್ದಾದರೇನು? ಅಗ್ಗದ್ದನ್ನೇ ಕೊಂಡವು.

2015ರಲ್ಲಿ ಗಾರೆಸ್ಸಿಯೋದಲ್ಲಿ ಒಂದು ಕಿಲೋ ಕೂಡ ತಯಾರಾಗಲಿಲ್ಲ. ಮರುವರ್ಷ ಸನೋಫಿ ಆ ಕಾರ್ಖಾನೆಯನ್ನು ಬಲ್ಗೇರಿಯಾದ ಹುವೆಫಾರ್ಮಾ ಕಂಪನಿಗೆ ಮಾರಿತು.

ಅಂದರೆ ವಿಜ್ಞಾನ ಗೆದ್ದಿತ್ತು, ವ್ಯಾಪಾರ ಸೋತಿತ್ತು. ಹತ್ತು ವರ್ಷದ ಶ್ರಮದ ಯೀಸ್ಟನ್ನು ಸಣ್ಣ ರೈತರ ಎಲೆ ಬೆಲೆಯಲ್ಲಿ ಸೋಲಿಸಿತು.

ಹಾಗಾದರೆ ರೈತರು ಗೆದ್ದರೇ?

ಇದನ್ನು ರೈತರ ಗೆಲುವು ಎಂದು ಹೇಳಲು ನಮಗೆ ಮನಸ್ಸು ಬರುವುದಿಲ್ಲ. ಬೆಲೆ 250 ಡಾಲರಿಗಿಂತ ಕೆಳಗೆ ಬಂದದ್ದು ಯೀಸ್ಟನ್ನು ಹೊರಗೆ ಹಾಕಿತು, ನಿಜ. ಅದೇ ಬೆಲೆ ಎಷ್ಟೋ ಬೆಳೆಗಾರರನ್ನೂ ಹೊಲದಿಂದ ಹೊರಗೆ ಹಾಕಿತು. ಅರ್ಧ ಎಕರೆಯವನಿಗೆ ಆರೆಂಟು ತಿಂಗಳ ಬೆಳೆ ಕೈಕೊಟ್ಟರೆ ಒಂದು ವರ್ಷದ ಬದುಕೇ ಹೋದಂತೆ.

ಯೀಸ್ಟ್ ಬರುತ್ತದೆ ಎಂಬ ಸುದ್ದಿಯೂ ಪೆಟ್ಟು ಕೊಡಬಲ್ಲದು. ನಾಳೆ ಕಾರ್ಖಾನೆಯಲ್ಲೇ ಆಗುತ್ತದಂತೆ ಎಂದು ಕೇಳಿದರೆ ಯಾರು ಸಸಿ ಹಾಕುತ್ತಾರೆ? ಕಾರ್ಖಾನೆ ಆಮೇಲೆ ನಿಂತುಹೋದರೆ ಆಗ ಎಲೆಯೂ ಇಲ್ಲ, ಯೀಸ್ಟೂ ಇಲ್ಲ. ಇಟಿಸಿ ಗ್ರೂಪ್ ಎಂಬ ಸಂಘಟನೆ ಇಂಥ ಭಯವನ್ನು ಮೊದಲಿನಿಂದಲೂ ಹೇಳುತ್ತಾ ಬಂದಿತ್ತು. ಯೀಸ್ಟ್ ಪರ ಇದ್ದವರ ಮಾತಿನಲ್ಲೂ ಹುರುಳಿತ್ತು. ಎಲೆ ಕೈಕೊಟ್ಟ ವರ್ಷ ತೊಟ್ಟಿ ಕೈಹಿಡಿಯುತ್ತದೆ, ಬೆಲೆ ಹುಚ್ಚಾಪಟ್ಟೆ ಏರದಂತೆ ತಡೆಯುತ್ತದೆ ಎಂಬುದು ಅವರ ವಾದ.

ನಮಗೆ ಕಾಣುವುದು ಇಷ್ಟು. ಹೊಲವೂ ಬೇಕಿತ್ತು, ತೊಟ್ಟಿಯೂ ಬೇಕಿತ್ತು. ಆದರೆ ಎರಡನ್ನೂ ಬಿಡುಬೀಸಾಗಿ ಪೇಟೆಗೆ ಬಿಟ್ಟರು. ಭತ್ತ, ರಾಗಿಗೆ ಬೆಂಬಲ ಬೆಲೆ ಇರುವಂತೆ ಈ ಎಲೆಗೆ ಒಂದು ನೆಲಬೆಲೆ ಇಟ್ಟು, ಕಾರ್ಖಾನೆಗೆ ಇಂತಿಷ್ಟು ಕೊಳ್ಳುತ್ತೇವೆ ಎಂದು ಮುಂಗಡ ಮಾತು ಕೊಟ್ಟಿದ್ದರೆ ಎರಡೂ ಉಳಿಯುತ್ತಿದ್ದವು. ಕೋಟಿಗಟ್ಟಲೆ ಡಾಲರ್ ಸಂಶೋಧನೆಗೆ ಸಿಕ್ಕಿತು. ಬೆಲೆ ಸ್ಥಿರವಾಗಿಡಲು ಅಂಥ ಗಟ್ಟಿ ಏರ್ಪಾಡು ಆಗಲಿಲ್ಲ.

ನಮ್ಮ ಕಡೆಗೆ ಇದರ ಅರ್ಥ

ಕರ್ನಾಟಕದಲ್ಲಿ ಕುಲಾಂತರಿ ಎಂದ ಕೂಡಲೇ ನೆನಪಾಗುವುದು ಬಿಟಿ ಹತ್ತಿ. 1998ರ ನವೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಮುಂದಾಳತ್ವದಲ್ಲಿ ರೈತ ಸಂಘದವರು ರಾಯಚೂರು, ಬಳ್ಳಾರಿ ಕಡೆ ಬಿಟಿ ಹತ್ತಿಯ ಪ್ರಯೋಗದ ಗಿಡಗಳನ್ನು ಕಿತ್ತು ಸುಟ್ಟರು. ಆ ಜಗಳ ಬೀಜದ ಮೇಲಿನದು. ಬೀಜ ಯಾರ ಕೈಯಲ್ಲಿರಬೇಕು, ಬಯಲಿನ ಬೆಳೆಯ ಜೀನ್ ಪಕ್ಕದ ಹೊಲಕ್ಕೆ ಹಾರಿದರೆ ಏನು ಎಂಬ ಪ್ರಶ್ನೆಗಳು ಅದರಲ್ಲಿದ್ದವು.

ಕುಲಾಂತರಿ ಯೀಸ್ಟಿನ ಪ್ರಶ್ನೆ ಬೇರೆ. ಅದು ಬಯಲಿಗೆ ಬರುವುದಿಲ್ಲ, ಮುಚ್ಚಿದ ಉಕ್ಕಿನ ತೊಟ್ಟಿಯಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ಅದರಿಂದ ತೆಗೆದು ಶುದ್ಧಮಾಡಿದ ಔಷಧಕ್ಕೂ ಎಲೆಯ ಔಷಧಕ್ಕೂ ವ್ಯತ್ಯಾಸ ಇಲ್ಲ. ಹಾಗಾಗಿ ಮಾತ್ರೆ ನುಂಗುವವರು ಹೆದರಬೇಕಿಲ್ಲ. ಯೋಚಿಸಬೇಕಾದವರು ಗಿಡ ಬೆಳೆಯುವವರು. ಬಿಟಿ ಹತ್ತಿ ಕನಿಷ್ಠ ಹೊಲಕ್ಕೆ ಬಂತು. ಈ ಯೀಸ್ಟ್ ಹೊಲವೇ ಬೇಡ ಎನ್ನುತ್ತದೆ.

ವೆನಿಲ್ಲಾ ನೆನಪಿದೆಯಲ್ಲ? 2000ದ ನಂತರ ಮಡಗಾಸ್ಕರ್‌ನಲ್ಲಿ ಚಂಡಮಾರುತ ಬೀಸಿ ಬೆಳೆ ಹಾಳಾಗಿ ಬೆಲೆ ಗಗನಕ್ಕೇರಿತು. ಮಲೆನಾಡು, ಕೊಡಗು, ಕರಾವಳಿಯ ಅಡಿಕೆ ತೋಟಗಳಲ್ಲಿ ಬಳ್ಳಿ ಹಬ್ಬಿತು. ಬೆಳಗಾಗೆದ್ದು ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿದವರು ಎಷ್ಟು ಜನ! ಬೀನ್ಸ್ ಕಾವಲಿಗೆ ರಾತ್ರಿ ನಿದ್ದೆಗೆಟ್ಟರು. ಮಡಗಾಸ್ಕರ್ ಚೇತರಿಸಿಕೊಂಡಿತು, ಕೊಳ್ಳುವವರು ಕಾರ್ಖಾನೆಯ ಕೃತಕ ವೆನಿಲಿನ್ ಕಡೆ ತಿರುಗಿದರು, ಬೆಲೆ ನೆಲಕಚ್ಚಿತು. ಆರ್ಟೆಮಿಸಿಯಾ ರೈತರಿಗೂ ನಮ್ಮ ವೆನಿಲ್ಲಾ ರೈತರಿಗೂ ಕೈಕೊಟ್ಟದ್ದು ಒಂದೇ: ದೂರದ, ಕಣ್ಣಿಗೆ ಕಾಣದ ಮಾರುಕಟ್ಟೆ.

ಈ ದಾರಿ ಆರ್ಟೆಮಿಸಿನಿನ್‌ಗೆ ಮುಗಿದಿಲ್ಲ. ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪವನ್ನೇ ನೋಡಿ. ಅದರ ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧ ತೆಗೆಯುತ್ತಾರೆ. ಒಂದು ಗ್ರಾಂ ಔಷಧಕ್ಕೆ ಸುಮಾರು 500 ಕಿಲೋ ಒಣ ಎಲೆ ಬೇಕು. 2022ರಲ್ಲಿ ಅದೇ ಕೀಸ್ಲಿಂಗ್ ತಂಡದವರು ಗಿಡಗಳ 34 ಜೀನ್‌ಗಳನ್ನು ಯೀಸ್ಟಿಗೆ ಸೇರಿಸಿ ಈ ಔಷಧದ ಎರಡು ಮುಖ್ಯ ಭಾಗಗಳನ್ನು ಅದರಿಂದ ತೆಗೆದು, ಕೊನೆಗೆ ಜೋಡಿಸಿ ತೋರಿಸಿದರು. ಈಗಿನ್ನೂ ಪ್ರಯೋಗಾಲಯದ ಮಟ್ಟ. ಆದರೆ ಅರ್ಧ ಟನ್ ಎಲೆಗೆ ಒಂದು ಗ್ರಾಂ ಎಂಬ ಕಡೆ ಯೀಸ್ಟ್ ಗೆಲ್ಲುವ ಸಾಧ್ಯತೆ ಹೆಚ್ಚು. ನೂರು ಕಿಲೋಗೆ ಒಂದು ಕಿಲೋ ಎಂಬ ಕಡೆ ಹೊಲ ನಿಂತುಕೊಳ್ಳಬಹುದು. ಔಷಧ ಎಲೆಯಲ್ಲಿ ಎಷ್ಟು ಕಡಿಮೆ ಇರುತ್ತದೋ ಅಷ್ಟು ಬೇಗ ಅದು ತೊಟ್ಟಿಗೆ ಹೋಗುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ಅದಕ್ಕೇ ಔಷಧಿ ಗಿಡ ಹಾಕಿ, ಎಕರೆಗೆ ಲಕ್ಷ ಬರುತ್ತದೆ ಎಂದು ಯಾರಾದರೂ ಕರಪತ್ರ ಹಿಡಿದು ಊರಿಗೆ ಬಂದರೆ ನಾಲ್ಕು ಮಾತು ಕೇಳಿ. ಈ ಗಿಡದಿಂದ ತೆಗೆಯುವ ವಸ್ತು ಯಾವುದು? ಅದನ್ನು ಕಾರ್ಖಾನೆಯಲ್ಲಿ ಬೇರೆ ದಾರಿಯಿಂದ ಮಾಡುತ್ತಿದ್ದಾರೆಯೇ? ಕೊಳ್ಳುವವರು ಒಬ್ಬರೇಯೋ, ನಾಲ್ಕಾರು ಜನ ಇದ್ದಾರೋ? ಬೆಲೆ ಬಿದ್ದರೂ ಇಷ್ಟಕ್ಕೆ ಕೊಳ್ಳುತ್ತೇವೆ ಎಂಬುದು ಒಪ್ಪಂದದ ಕಾಗದದಲ್ಲಿದೆಯೇ, ಬಾಯಿಮಾತಿನಲ್ಲೋ? ಕಡೆಯದಕ್ಕೆ ನೇರ ಉತ್ತರ ಬರದಿದ್ದರೆ ಇಡೀ ಹೊಲ ಕೊಡಬೇಡಿ. ಬದುವಿನ ಪಕ್ಕ ನಾಲ್ಕು ಸಾಲು ಹಾಕಿ ನೋಡಿ.

ಇನ್ನು ಮಾತ್ರೆ ವಿಷಯ. ಮಲೇರಿಯಾಕ್ಕೆ ಜಗತ್ತಿನಲ್ಲಿ ಈಗಲೂ ವರ್ಷಕ್ಕೆ ಸುಮಾರು 6 ಲಕ್ಷ ಜನ ಸಾಯುತ್ತಿದ್ದಾರೆ. 2030ರೊಳಗೆ ಮಲೇರಿಯಾ ಅಳಿಸಬೇಕು ಎಂಬುದು ಭಾರತದ ಗುರಿ. ಕಾಂಬೋಡಿಯಾ ಕಡೆ, ಈಗ ಆಫ್ರಿಕಾದ ಕೆಲವು ದೇಶಗಳಲ್ಲಿ ಆರ್ಟೆಮಿಸಿನಿನ್‌ಗೂ ರೋಗಾಣು ನಿಧಾನವಾಗಿ ಪಳಗುತ್ತಿದೆ. ಮೊದಲ ದಿನವೇ ಜ್ವರ ಇಳಿಯಿತೆಂದು ಉಳಿದ ಮಾತ್ರೆ ಬಿಟ್ಟರೆ ಆ ಪಳಗಿಸುವ ಕೆಲಸಕ್ಕೆ ನಾವೂ ಕೈಜೋಡಿಸಿದಂತೆ. ಪಟ್ಟಿ ಕೊಟ್ಟರೆ ಮೂರು ದಿನವೂ ನುಂಗಿ. ಅದರ ಹಿಂದೆ ಹರವಿಯಲ್ಲಿ ಎಲೆ ನೆನೆಹಾಕಿದ ಹೆಣ್ಣುಮಗಳ ದುಡಿಮೆ ಇದೆ, ಬೆಲೆ ಸಿಗದೆ ಗಿಡ ಕಿತ್ತ ರೈತರ ಬೆವರೂ ಇದೆ.